ಹಸುವಿಗಿದ್ದ ಚೀಟಿ ನನಗಿರಲಿಲ್ಲ

ಹೆಮ್ಮರಗಾಲದಿಂದ ಎರಡು ಮೈಲಿ ಆಚೆಗಿರುವ ನಮ್ಮ ಊರಿನ ಮಹಿಳಾ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಹೆಸರು ಜಯಮ್ಮ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಹಾಲಿನ ಗಾಡಿ ಹೋಗುವ ತನಕ, ಮತ್ತೆ ಸಂಜೆ ಐದರಿಂದ ಏಳರವರೆಗೆ, ಊರಿನ ಹೆಂಗಸರೆಲ್ಲ ನನ್ನ ಮುಂದೆ ಸಾಲು ನಿಲ್ಲಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡಿಯೇ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಈಗ ಇಳಿದಿದೆ. ಹೇಗೆ ಇಳಿಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉರಿಮೂತ್ರ ಎಂದು ಬಾಯಿಬಿಟ್ಟು ಹೇಳಲು ನಾಚಿ ಕುಳಿತ ಹೆಂಗಸರು ನನ್ನ ಹಾಗೆ ಎಷ್ಟು ಜನರಿದ್ದಾರೋ, ತಾವೊಬ್ಬರೇ ಅಲ್ಲ ಎಂದು ಅವರಿಗೂ ಗೊತ್ತಾಗಲಿ.

ನಮ್ಮ ಡೇರಿಯಲ್ಲಿ ಒಂದು ಕಟ್ಟುನಿಟ್ಟಿದೆ. ಹಸುವಿಗೆ ಕೆಚ್ಚಲು ಬಾವು ಬಂದು ದನದ ಡಾಕ್ಟರು ಇಂಜೆಕ್ಷನ್ ಕೊಟ್ಟರೆ ಒಂದು ಚೀಟಿ ಬರೆದುಕೊಡುತ್ತಾರೆ. ಹಸು ಯಾರದ್ದು, ಕಿವಿಯ ಓಲೆಯ ನಂಬರು ಏನು, ಯಾವ ಔಷಧಿ, ಏನು ಕಾರಣಕ್ಕೆ, ಎಷ್ಟು ದಿನ, ಯಾವತ್ತಿನಿಂದ ಹಾಲು ಹಾಕಬಹುದು, ಇಷ್ಟೂ ಅದರಲ್ಲಿರಬೇಕು. ಆ ಚೀಟಿಯನ್ನು ತೂಕದ ಯಂತ್ರದ ಪಕ್ಕದ ಮೊಳೆಗೆ ಚುಚ್ಚುವುದು ನನ್ನ ಕೆಲಸ. ಬರೆದ ದಿನ ಬರುವ ತನಕ ಆ ಹಸುವಿನ ಹಾಲು ಕ್ಯಾನಿಗೆ ಬೀಳುವ ಹಾಗಿಲ್ಲ. ಕದ್ದು ತಂದವರನ್ನು ಸಾಲಿನ ಮುಂದೆಯೇ ವಾಪಸ್ ಕಳಿಸಿದ್ದೇನೆ. ನನ್ನ ಓರಗಿತ್ತಿಯ ಹಾಲನ್ನೂ ಒಮ್ಮೆ ಕಳಿಸಿದ್ದೆ, ಅವಳು ಒಂದು ತಿಂಗಳು ಮಾತು ಬಿಟ್ಟಿದ್ದಳು. ಒಂದು ಹಸುವಿನ ಔಷಧಿ ಊರಿನ ಹಾಲನ್ನೆಲ್ಲ ಕೆಡಿಸುತ್ತದೆ ಎಂದು ನಾನು ಭಾಷಣ ಬಿಗಿದದ್ದಕ್ಕೆ ಲೆಕ್ಕವಿಲ್ಲ.

ಅದೇ ಕೋಣೆಯಲ್ಲಿ, ಅದೇ ಮೊಳೆಯ ಕೆಳಗಿನ ಗೂಡಿನಲ್ಲಿ, ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿದ್ದದ್ದು ಮನುಷ್ಯರ ಮಾತ್ರೆ. ನಮ್ಮ ಕಡೆ ಡಾಕ್ಟರು ಏಳು ದಿನಕ್ಕೆ ಬರೆದುಕೊಟ್ಟರೆ ಎರಡು ದಿನಕ್ಕೆ ಜ್ವರ ಬಿಡುತ್ತದೆ, ಮೂರನೆಯ ದಿನ ಮಾತ್ರೆ ಬಿಡುತ್ತೇವೆ. ಉಳಿದದ್ದನ್ನು ಎಸೆಯುವುದು ಅನ್ನ ಎಸೆದಷ್ಟೇ ಪಾಪ. ಡೇರಿಗೆ ಎರಡು ಹೊತ್ತೂ ಎಲ್ಲರೂ ಬರುತ್ತಾರಲ್ಲ, ಹಾಗಾಗಿ ತಂದು ಡಬ್ಬಿಗೆ ಹಾಕುತ್ತಿದ್ದರು. ಬೇಕಾದವರು ನನ್ನನ್ನು ಕೇಳಿ ಈಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಹೆಸರು ಓದಲು ನನಗೆ ಅಷ್ಟಾಗಿ ಬರುವುದಿಲ್ಲ, ಬಣ್ಣ ನೋಡಿ ಕೊಡುತ್ತಿದ್ದೆ. ಕಪ್ಪು ಕೆಂಪು ಕ್ಯಾಪ್ಸೂಲು ಗಂಟಲಿಗೆ ಮತ್ತು ಉರಿಗೆ, ಉದ್ದನೆಯ ಬಿಳಿ ಮಾತ್ರೆ ಜ್ವರ ಮತ್ತು ಭೇದಿಗೆ. ವಾಸಿಯಾದವರು ಬಂದು ನಿನ್ನ ಕೈಗುಣ ಚೆನ್ನಾಗಿದೆ ಜಯಮ್ಮ ಎನ್ನುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಗಾದೆ ನನಗಾಗಿಯೇ ಹುಟ್ಟಿರಬೇಕು. ಆದರೆ ಆಗ ಹೊಳೆಯಲಿಲ್ಲ, ದೇವರಾಣೆ ಹೊಳೆಯಲಿಲ್ಲ.

ಉರಿ ಶುರುವಾದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಡೇರಿಗೆ ಶೌಚಾಲಯವಿಲ್ಲ. ಸಾಲು ಬಿಟ್ಟು ಮನೆಗೆ ಓಡುವ ಹಾಗಿಲ್ಲವೆಂದು ನಾನು ಬೆಳಗಿನ ಹೊತ್ತು ನೀರನ್ನೇ ಕುಡಿಯುತ್ತಿರಲಿಲ್ಲ. ಮೂತ್ರಕ್ಕೆ ಕುಳಿತರೆ ಖಾರದ ಪುಡಿ ಎರಚಿದ ಹಾಗೆ. ಗಂಡನಿಗೆ ಹೇಳಲು ನಾಚಿಕೆ, ಗಂಡಸು ಡಾಕ್ಟರಿಗೆ ಹೇಳಲು ಇನ್ನೂ ನಾಚಿಕೆ. ಹೇಳಿದ್ದು ಪಕ್ಕದ ಮನೆಯ ಮಾದೇವಮ್ಮನಿಗೆ ಮಾತ್ರ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಎರಡು ಹಸು ಕಟ್ಟಿದ್ದಾಳೆ, ದಿನಾ ಸಾಲಿನಲ್ಲಿ ಮೊದಲು ನಿಲ್ಲುವವಳು ಅವಳೇ. ನನಗೆ ಅಕ್ಕ ಇಲ್ಲ, ಆ ಜಾಗದಲ್ಲಿ ಅವಳಿದ್ದಾಳೆ. ತನಗೂ ಹಾಗೇ ಆಗುತ್ತಿರುತ್ತದೆ ಎಂದು ಅವಳು ನಕ್ಕಳು. ಡಬ್ಬಿ ತೆಗೆದು ಕಪ್ಪು ಕೆಂಪು ಕ್ಯಾಪ್ಸೂಲನ್ನು ನಿನಗೆರಡು ನನಗೆರಡು ಎಂದು ಹಂಚಿಕೊಂಡೆವು. ಎರಡು ದಿನಕ್ಕೆ ಉರಿ ಹೋಯಿತು. ತಿಂಗಳು ಬಿಟ್ಟು ಮತ್ತೆ ಬಂದಾಗ ಬಿಳಿ ಮಾತ್ರೆ. ಹೀಗೆ ನಾಲ್ಕೈದು ಸಲ ನಡೆಯಿತು.

ಆಷಾಢದ ಒಂದು ಸಂಜೆ ಹಾಲು ಅಳೆಯುತ್ತಿದ್ದಾಗ ಚಳಿ ಹತ್ತಿತು. ಕೈಯಲ್ಲಿದ್ದ ಕ್ಯಾನಿನ ಮುಚ್ಚಳ ಲಟಲಟ ಬಡಿಯುವಷ್ಟು ನಡುಕ. ನನ್ನ ಗಂಡ ನಾಗರಾಜು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಪಾಳಿ ಮುಗಿಸಿ ಬಂದವರು ಹಾಗೆಯೇ ಬೈಕಿನಲ್ಲಿ ಕೂರಿಸಿಕೊಂಡು ನಂಜನಗೂಡು ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿನ ಹಜಾರದಲ್ಲಿ ಕುಳಿತವರು ಮಲಗಿದವರು ಎಲ್ಲರ ಕೈಗೂ ಡ್ರಿಪ್ಪು. ಡಾಕ್ಟರು ಒಳ್ಳೆಯವರು. ಹಣೆ ಮುಟ್ಟಿ ನೋಡಿ ಹೆದರಬೇಡಿ ಎಂದರು, ಎರಡು ಬಗೆಯ ಇಂಜೆಕ್ಷನ್ ಬರೆದರು. ಮೂತ್ರ ಪರೀಕ್ಷೆ ಎನ್ನುವ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ನಾಗರಾಜು ಖುಷಿಯಾಗಿದ್ದರು, ಎರಡೆರಡು ಇಂಜೆಕ್ಷನ್ ಹಾಕುವ ಡಾಕ್ಟರು ಕೈ ಬಿಡುವುದಿಲ್ಲ ಎಂದು. ಬರೀ ನೀರು ಕುಡಿಯಿರಿ, ಪರೀಕ್ಷೆ ಬರಲಿ, ಆಮೇಲೆ ನೋಡೋಣ ಎಂದಿದ್ದರೆ ನಾವೇ ಅವರನ್ನು ಬೈದುಕೊಂಡು ಬೇರೆ ಕಡೆ ಹೋಗುತ್ತಿದ್ದೆವು. ಇದನ್ನು ಮುಚ್ಚಿಟ್ಟರೆ ನನಗೆ ಒಳ್ಳೆಯದಾಗುವುದಿಲ್ಲ.

ಮೂರು ದಿನಕ್ಕೆ ಮನೆಗೆ ಕಳಿಸಿದರು. ಏಳು ದಿನದ ಮಾತ್ರೆ ಕೊಟ್ಟಿದ್ದರು, ಎರಡು ದಿನ ನುಂಗಿದೆ. ಉಳಿದದ್ದು ಎಲ್ಲಿಗೆ ಹೋಯಿತು ಎಂದು ಈಗ ನಿಮಗೇ ಗೊತ್ತು.

ಹದಿನೈದು ದಿನ ಕಳೆದು ಶ್ರಾವಣ ಬಂದಿತ್ತು. ನನ್ನ ತವರು ಬನ್ನೂರು. ತಮ್ಮ ಸಿದ್ದರಾಜು ಅಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಹೋಮದ ಮುಂದೆ ಕುಳಿತಿದ್ದೆ, ಎಲ್ಲರೂ ಬೆವರುತ್ತಿದ್ದರೆ ನನಗೆ ಮಾತ್ರ ಚಳಿ. ಪಕ್ಕೆಯಲ್ಲಿ ಯಾರೋ ಗುದ್ದಲಿ ಹಾಕಿದ ನೋವು. ಶುಭಕಾರ್ಯ ಕೆಡಬಾರದೆಂದು ಸೆರಗು ಹೊದ್ದು ಹಲ್ಲುಕಚ್ಚಿ ಕುಳಿತೆ. ಪೂರ್ಣಾಹುತಿ ಮುಗಿದ ಮೇಲೆ ಏಳಲಾಗಲಿಲ್ಲ. ತಮ್ಮ ಮಾವಿನೆಲೆ ತೋರಣ ಕಟ್ಟಿದ್ದ ಕಾರಿನಲ್ಲೇ ನರಸೀಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ನಂಜನಗೂಡಿನಲ್ಲಿ ಏನು ಕೊಟ್ಟಿದ್ದರು ಎಂದು. ಜೊತೆಗೆ ಬಂದಿದ್ದ ನಾಗರಾಜು ಜೇಬು ತಡಕಾಡಿದರು. ಚೀಟಿ ಇರಲಿಲ್ಲ. ನಾಗರಾಜು ಅದನ್ನು ಮೆಡಿಕಲ್ ಸ್ಟೋರಿನ ಮೇಜಿನ ಮೇಲೆ ಬಿಟ್ಟು ಬಂದಿದ್ದರಂತೆ. ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಇಂಜೆಕ್ಷನ್ ಶೀಷೆ ಚಿಕ್ಕದಿತ್ತು, ಪುಡಿಗೆ ನೀರು ಕಲಸಿ ಕೊಟ್ಟರು ಎಂದು ನಾನು ಹೇಳಿದೆ. ಎಲ್ಲ ಇಂಜೆಕ್ಷನ್ನೂ ಹಾಗೇ ಇರುತ್ತೆ ಅಮ್ಮ ಎಂದರು ಡಾಕ್ಟರು. ಹಾಗಾದರೆ ಜೋರಾದ ಔಷಧಿಯಿಂದಲೇ ಶುರು ಮಾಡುತ್ತೇನೆ ಎಂದು ಬೇರೆಯದೊಂದು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಬಿಪಿ ಇಳಿಯಿತು. ಒಂದು ಕಾಗದ ಬರೆದುಕೊಟ್ಟು ಮೈಸೂರಿಗೆ ಕಳಿಸಿದರು. ಆಂಬ್ಯುಲೆನ್ಸಿನ ಕಿಟಕಿಯಲ್ಲಿ ಕಬ್ಬಿನ ಗದ್ದೆ ಹಿಂದಕ್ಕೆ ಓಡಿದ್ದು ನೆನಪಿದೆ, ಆಮೇಲಿನದ್ದು ಇಲ್ಲ.

ಐಸಿಯುನಲ್ಲಿ ಆರು ದಿನ ಇದ್ದೆನಂತೆ. ನನಗೆ ನೆನಪಿರುವುದು ಚಳಿ, ಮತ್ತು ಒಬ್ಬ ಆಯಾ. ಕೂದಲು ಗಂಟಾಗುತ್ತದೆ ಎಂದು ಆಕೆ ನನಗೆ ಎರಡು ಜಡೆ ಹಾಕಿದಳು, ಸ್ಕೂಲಿನ ಹುಡುಗಿಗೆ ಹಾಕುವ ಹಾಗೆ. ಆ ಕೈ ತಲೆಗೆ ತಾಗಿದಾಗ ನಾನಿನ್ನೂ ಬದುಕಿದ್ದೇನೆ ಎಂದು ಗೊತ್ತಾಯಿತು. ನಾಗರಾಜು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದು ದಿನಕ್ಕೆ ಐದು ನಿಮಿಷ ಮಂಚದ ಪಕ್ಕ ನಿಲ್ಲುತ್ತಿದ್ದರು. ಮುಟ್ಟಬೇಡಿ ಎಂದಿದ್ದರಂತೆ, ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರನ್ನು ಹಾಗೆ ನಾನು ನೋಡಿರಲಿಲ್ಲ. ಮಾದೇವಮ್ಮ ಮೂರು ಬಸ್ಸು ಬದಲಾಯಿಸಿ ರಾಗಿ ಗಂಜಿ ತಂದಿದ್ದಳಂತೆ. ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದ ತನಕ ಕುಳಿತಿದ್ದು, ಹಾಲು ಕರೆಯುವ ಹೊತ್ತಿಗೆ ಊರು ಸೇರಬೇಕೆಂದು ಎದ್ದು ಹೋದಳಂತೆ.

ಮೈಸೂರಿನಲ್ಲಿ ನನ್ನ ರಕ್ತವನ್ನೂ ಮೂತ್ರವನ್ನೂ ಪರೀಕ್ಷೆಗೆ ಕಳಿಸಿದರು, ಯಾವ ಕ್ರಿಮಿ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು. ಅದಕ್ಕೆ ಮೂರು ದಿನ ಬೇಕು. ಅಲ್ಲಿಯವರೆಗೆ ಅಂದಾಜಿನ ಮೇಲೆ ಔಷಧಿ ಕೊಡುತ್ತಿದ್ದೇವೆ ಎಂದು ಡಾಕ್ಟರು ನನ್ನ ತಮ್ಮನಿಗೆ ಹೇಳಿದರು. ಅಂದಾಜು ಎನ್ನುವ ಮಾತು ಕೇಳಿ ಸಿದ್ದರಾಜು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅವರನ್ನು ಇನ್ನೊಮ್ಮೆ ಕೇಳಿದನಂತೆ.

ಮೂರನೆಯ ದಿನ ವರದಿ ಬಂತು. ಒಂದರ ಕೆಳಗೊಂದು ಔಷಧಿಯ ಹೆಸರು, ಪ್ರತಿಯೊಂದರ ಎದುರಿಗೂ ಇಂಗ್ಲಿಷಿನ ಒಂದು ಅಕ್ಷರ. 'ಎಸ್' ಇದ್ದರೆ ಆ ಔಷಧಿಗೆ ಕ್ರಿಮಿ ಸಾಯುತ್ತದೆ, 'ಆರ್' ಇದ್ದರೆ ಜಗ್ಗುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ಕೊನೆಯಲ್ಲಿ ಎರಡೇ ಎರಡು ಎಸ್. ಅದರಲ್ಲಿ ಒಂದು ಮೂತ್ರಪಿಂಡಕ್ಕೆ ಕೇಡು, ನನ್ನ ಮೂತ್ರಪಿಂಡ ಆಗಲೇ ಸೋತಿತ್ತು. ಉಳಿದದ್ದು ಒಂದು. ಬನ್ನೂರು, ನರಸೀಪುರ, ನಂಜನಗೂಡು, ಮೈಸೂರು, ಇಷ್ಟೂ ಊರಿನ ಇಷ್ಟೂ ಅಂಗಡಿಗಳಲ್ಲಿ ಗೋಡೆ ತುಂಬ ಔಷಧಿ ಇರುವಾಗ ನನಗೆ ಉಳಿದದ್ದು ಒಂದೇ. ಅದು ಹಿಡಿಯದಿದ್ದರೆ ಎಂದು ತಮ್ಮ ಕೇಳುತ್ತಿದ್ದಂತೆಯೇ ಡಾಕ್ಟರು ಅದನ್ನು ತರಲು ನರ್ಸನ್ನು ಕಳಿಸಿದರಂತೆ. ಅದು ಹಿಡಿಯಿತು. ಎರಡು ದಿನಕ್ಕೆ ಜ್ವರ ಇಳಿಯಿತು. ಬೀಸುವ ದೊಣ್ಣೆ ತಪ್ಪಿತು.

ವಾರ್ಡಿಗೆ ಬಂದ ಎರಡನೆಯ ದಿನ ನಫೀಸಾ ಬಂದರು. ಆಸ್ಪತ್ರೆಯ ಫಾರ್ಮಸಿಸ್ಟು, ಆದರೆ ಔಷಧಿ ಮಾರುವವರಲ್ಲ. ವಾರ್ಡಿನಲ್ಲಿ ಯಾರಿಗೆ ಕ್ರಿಮಿ ಸಾಯಿಸುವ ಯಾವ ಔಷಧಿ, ಬೂಷ್ಟು ಹೋಗಲಾಡಿಸುವ ಯಾವ ಔಷಧಿ ಬರೆದಿದ್ದಾರೆ, ಅದು ಸರಿಯೋ ಅಲ್ಲವೋ ಎಂದು ನೋಡುವುದು ಅವರ ಕೆಲಸ. ಕೈಯಲ್ಲೊಂದು ಫಾರಂ. ಅಷ್ಟು ದಿನದಲ್ಲಿ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮಾತಾಡಿದ ಮೊದಲ ಮನುಷ್ಯರು ಅವರೇ.

ಆರು ತಿಂಗಳಲ್ಲಿ ಯಾವ್ಯಾವ ಮಾತ್ರೆ ತಗೊಂಡಿದ್ದೀರಿ ಎಂದು ಕೇಳಿದರು. ನಂಜನಗೂಡಿನದ್ದು ಬಿಟ್ಟರೆ ಯಾವುದೂ ಇಲ್ಲ ಎಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ, ನಿಜ ಎಂದೇ ನಂಬಿ ಹೇಳಿದೆ. ಡಾಕ್ಟರು ಕೊಟ್ಟದ್ದು ಮಾತ್ರ ಔಷಧಿ, ಡಬ್ಬಿಯಲ್ಲಿದ್ದದ್ದು ಮನೆಯ ಜೀರಿಗೆ ಮೆಣಸಿನ ಹಾಗೆ. ಮಾತಿಗೆ ಮಾತು ಬಂದು ಡಬ್ಬಿಯ ವಿಷಯ ಹೊರಗೆ ಬಿತ್ತು. ನಫೀಸಾ ತಮ್ಮ ಫೋನಿನಲ್ಲಿ ಮಾತ್ರೆಗಳ ಚಿತ್ರ ತೋರಿಸಿದರು. ಕಪ್ಪು ಕೆಂಪನ್ನೂ ಉದ್ದನೆಯ ಬಿಳಿಯನ್ನೂ ನಾನು ಥಟ್ಟನೆ ಗುರುತು ಹಿಡಿದೆ. ಹೆಸರು ಹೇಳಿಕೊಟ್ಟರು. ಎರಡು ಹೆಸರನ್ನೂ ಅಕ್ಷರ ಅಕ್ಷರ ನೋಡಿ ಬಾಯಿಪಾಠ ಮಾಡಿದೆ. ನನ್ನ ವರದಿ ತೆಗೆದು ಅವೆರಡರ ಎದುರಿಗಿದ್ದ ಅಕ್ಷರದ ಮೇಲೆ ಅವರು ಬೆರಳಿಟ್ಟರು. ಎರಡಕ್ಕೂ ಆರ್.

"ಇದರಿಂದಲೇ ಹೀಗಾಯ್ತಾ?" ಎಂದು ಕೇಳಿದೆ.

"ಇಂಥದ್ದೇ ಮಾತ್ರೆಯಿಂದ ಅಂತ ಯಾರೂ ಬೆರಳು ಮಾಡಿ ಹೇಳೋಕಾಗಲ್ಲ ಅಮ್ಮ," ಎಂದರು. "ಆದರೆ ಎರಡು ನುಂಗಿ ಬಿಡೋದರಿಂದ ಕ್ರಿಮಿ ಸಾಯಲ್ಲ, ಕಲಿಯುತ್ತೆ. ಕಲಿತ ಕ್ರಿಮಿ ಒಬ್ಬರ ಹತ್ತಿರಾನೇ ಇರಲ್ಲ."

ಆಮೇಲೆ ನನ್ನ ಕೇಸ್ ಶೀಟು ತೆಗೆದು ಫಾರಂ ತುಂಬತೊಡಗಿದರು. ಔಷಧಿಯ ಹೆಸರು, ಬರೆದವರು ಯಾರು, ಯಾಕೆ, ಎಷ್ಟು ದಿನಕ್ಕೆ. ನನಗೆ ದಿನಾ ಹೋಗುತ್ತಿದ್ದದ್ದು ನಾಲ್ಕು ಔಷಧಿ. ಒಂದು, ವರದಿ ನೋಡಿ ಕೊಟ್ಟದ್ದು, ನನ್ನ ಜೀವ ಉಳಿಸಿದ್ದು. ಇನ್ನೊಂದು ನರಸೀಪುರದವರು ಕಾಗದದಲ್ಲಿ ಬರೆದದ್ದು. ಮೂರನೆಯದು ಮೈಸೂರಿಗೆ ಬಂದ ಹೊತ್ತಿನಲ್ಲಿ ಅಂದಾಜಿಗೆ ಶುರು ಮಾಡಿದ್ದು. ನಾಲ್ಕನೆಯದು ಹಳದಿ ಕ್ಯಾಪ್ಸೂಲು. ಐಸಿಯುನಲ್ಲಿ ನನ್ನ ನಾಲಗೆ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿತ್ತಂತೆ, ಅದಕ್ಕೆ ಕೊಟ್ಟದ್ದು. ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡಿದರು, ನಾಲಗೆ ಶುದ್ಧವಾಗಿತ್ತು. ಫಾರಂ ಅನ್ನು ನನ್ನ ಕಡೆ ತಿರುಗಿಸಿ ಯಾಕೆ ಎನ್ನುವ ಕಾಲಮ್ಮನ್ನು ತೋರಿಸಿದರು. ಮೊದಲನೆಯದರ ಎದುರು ಮಾತ್ರ ಬರಹವಿತ್ತು. ಉಳಿದ ಮೂರರ ಎದುರು ಖಾಲಿ.

 ಅಷ್ಟು ದೊಡ್ಡ ಕಟ್ಟಡ, ಕೈಯಲ್ಲಿ ಪೆನ್ನು ಹಿಡಿದ ಅಷ್ಟು ಜನ, ದಿನಕ್ಕೆ ಮೂರು ಸಲ ಬಂದು ನೋಡುವ ಡಾಕ್ಟರುಗಳು. ಈ ಮೂರು ಔಷಧಿ ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ನರಸೀಪುರದವರು ಬರೆದಿದ್ದಾರೆಂದು ಮೈಸೂರಿನವರು ಮುಂದುವರಿಸಿದ್ದರು, ನಿನ್ನೆ ಇತ್ತೆಂದು ಇವತ್ತೂ ಹಾಕುತ್ತಿದ್ದರು. ಅವರಿಗೂ ನಮ್ಮ ಡಬ್ಬಿಗೂ ಏನು ವ್ಯತ್ಯಾಸ ಎಂದು ಸಿಟ್ಟೇ ಬಂತು.

ನಮ್ಮ ಡೇರಿಯ ಚೀಟಿಯ ವಿಷಯವನ್ನು ನಾನು ನಫೀಸಾಗೆ ಹೇಳಿದೆ. ಯಾವ ಔಷಧಿ, ಏನು ಕಾರಣ, ಎಷ್ಟು ದಿನ, ಇಷ್ಟು ಇಲ್ಲದೆ ಒಂದು ಲೋಟ ಹಾಲನ್ನೂ ನಾನು ಮುಟ್ಟುವುದಿಲ್ಲ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ಹಾಗಾದರೆ ಹಸುವಿಗೆ ಇರೋ ಚೀಟಿ ನಿಮಗೇ ಇಲ್ಲವಲ್ಲ ಅಮ್ಮ," ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಅತ್ತೆ. ನನ್ನ ಬಗ್ಗೆ ನನಗೇ ನಾಚಿಕೆಯಾಗಿ ಅತ್ತೆ.

ಮಧ್ಯಾಹ್ನ ದೊಡ್ಡ ಡಾಕ್ಟರು ಬಂದಾಗ ನಫೀಸಾ ಆ ಫಾರಂ ಮುಂದಿಟ್ಟರು. ಸಿಟ್ಟಾಗುತ್ತಾರೇನೋ ಎಂದು ನಾನೇ ಹೆದರಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ನಾವೇ ಬರೆದದ್ದು, ನಾವೇ ಮರೆತದ್ದು," ಎಂದು ಮೂರಕ್ಕೂ ಗೀಟು ಹಾಕಿದರು. ಅಷ್ಟು ದೊಡ್ಡ ಮನುಷ್ಯರು ಒಬ್ಬ ರೋಗಿಯ ಎದುರಿಗೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಮರೆಯಲಾರೆ. ಒಂದು ವಾರದ ಮೇಲೆ ಮನೆಗೆ ಬಂದೆ. ಮೂತ್ರಪಿಂಡ ಮುಕ್ಕಾಲು ಪಾಲು ಸುಧಾರಿಸಿದೆ, ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಬೇಕು.

ಮನೆಯಲ್ಲಿ ಒಂದು ತಿಂಗಳು ಮಲಗಿದ್ದೆ. ಡೇರಿಯ ಕೆಲಸವನ್ನು ಓರಗಿತ್ತಿ ನೋಡಿಕೊಂಡಳು. ಮತ್ತೆ ಕೆಲಸಕ್ಕೆ ಹೋದ ಮೊದಲ ಬೆಳಗ್ಗೆ, ಸಾಲು ಬರುವ ಮೊದಲೇ, ಡಬ್ಬಿಯನ್ನು ಖಾಲಿ ಮಾಡಿಬಿಡಬೇಕೆಂದು ಬೇಗ ಹೋದೆ. ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಮೇಲೆ ನನ್ನ ಹಳದಿ ಕ್ಯಾಪ್ಸೂಲಿನ ಎಲೆ ಇತ್ತು, ಮೈಸೂರಿನಲ್ಲಿ ಗೀಟು ಹಾಕಿ ನಿಲ್ಲಿಸಿದ್ದು. ಅದರಲ್ಲಿ ನಾಲ್ಕು ಗುಳಿ ಖಾಲಿಯಾಗಿದ್ದವು. ಆ ಎಲೆಯಿಂದ ನಾನು ನುಂಗಿದ್ದು ಎರಡು ಮಾತ್ರ. ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಫೀಸಾ ಅದನ್ನು ನನ್ನ ಎದುರಿಗೇ ಎಣಿಸಿ ಬರೆದುಕೊಂಡಿದ್ದರು.

ನಾಗರಾಜುಗೆ ಫೋನ್ ಮಾಡಿದೆ. ಆಸ್ಪತ್ರೆಯ ಚೀಲ ಖಾಲಿ ಮಾಡುವಾಗ ಸಿಕ್ಕಿತು, ಅವರೇ ತಂದು ಹಾಕಿದ್ದಂತೆ. "ಅಂಥಾ ದೊಡ್ಡಾಸ್ಪತ್ರೆ ಮಾತ್ರೆ ಕಣೆ, ಎಸಿಯಕ್ಕೆ ಮನ್ಸ್ ಬರ್ನಿಲ್ಲ. ಯಾರ್ಗಾರ ಆಯ್ತದೆ ಅಂತ ಮಡಗ್ದೆ," ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷ ನಾನು ಕಲಿಸಿದ್ದನ್ನೇ ಅವರು ಮಾಡಿದ್ದರು.

ಸಾಲು ಬಂತು. ಹಾಲು ಅಳೆಯದೆ ನಿಂತೆ. ಹಳದಿ ಮಾತ್ರೆ ಯಾರು ತಗೊಂಡಿರಿ, ಹೇಳುವ ತನಕ ಯಾರ ಹಾಲನ್ನೂ ಮುಟ್ಟುವುದಿಲ್ಲ ಎಂದೆ. ಕಾಯಿಲೆ ಬಿದ್ದು ಬಂದವಳಿಗೆ ತಲೆ ಕೆಟ್ಟಿದೆ ಎಂದು ಹಿಂದಿನವರು ಗೊಣಗಿದರು. ಸಾಲಿನ ಮೊದಲಲ್ಲಿ ನಿಂತಿದ್ದ ಮಾದೇವಮ್ಮ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು.

"ನಾನೇ ಕಣವ್ವ. ಒಂದ್ವಾರದಿಂದ ಮತ್ತೆ ಉರಿ. ಕಪ್ಪು ಕೆಂಪು ಎರಡು ನುಂಗ್ದೆ, ಜಗ್ಗನಿಲ್ಲ. ಇದು ನಿನ್ನ ಬದುಕ್ಸಿದ ಮಾತ್ರೆ ಅಲ್ವಾ, ನಂಗೂ ಆಯ್ತದೆ ಅಂದ್ಕಂಡೆ."

ನನ್ನನ್ನು ಬದುಕಿಸಿದ್ದು ಅದಲ್ಲ. ಅದು ನಾಲಗೆಯ ಬೂಷ್ಟಿನದ್ದು, ಬೂಷ್ಟು ಹೋದ ಮೇಲೂ ಸುಮ್ಮನೆ ಹೋಗುತ್ತಿದ್ದದ್ದು, ಅವಳ ಉರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅವಳ ಹಣೆ ಮುಟ್ಟಿದರೆ ಬಿಸಿಯಾಗಿತ್ತು. ಕಪ್ಪು ಕೆಂಪು ಜಗ್ಗಲಿಲ್ಲ ಎಂದ ಮಾತು ಕಿವಿಯಲ್ಲೇ ಉಳಿಯಿತು. ನನಗೂ ಮೊದಲು ಉರಿ, ಆಮೇಲೆ ಜ್ವರ, ಹೀಗೇ ಆಗಿತ್ತು.  ತೂಕದ ಯಂತ್ರವನ್ನು ಓರಗಿತ್ತಿಗೆ ಒಪ್ಪಿಸಿ ಮೊದಲ ಬಸ್ಸಿಗೆ ಅವಳನ್ನು ನಂಜನಗೂಡಿಗೆ ಕರೆದುಕೊಂಡು ಹೋದೆ.

ಈ ಸಲ ಬೇರೆ ಆಸ್ಪತ್ರೆ. ಡಾಕ್ಟರು ಇವಳ ಮಾತು ಮುಗಿಯುವ ಮೊದಲೇ ಚೀಟಿ ಎಳೆದುಕೊಂಡು ಬರೆಯತೊಡಗಿದರು. ನಾನು ಬಾಯಿಬಿಟ್ಟೆ. ಮೊದಲು ಮೂತ್ರ ಪರೀಕ್ಷೆಗೆ ಕಳಿಸಿ ಸಾರ್, ಯಾವ ಔಷಧಿ ಹಿಡಿಯುತ್ತೆ ಅನ್ನೋದು ಗೊತ್ತಾಗಲಿ ಎಂದೆ. ತಲೆ ಎತ್ತಿ ನೋಡಿದರು. ನೀವು ನರ್ಸಾ ಎಂದು ಕೇಳಿದರು. ಅಲ್ಲ ಸಾರ್, ಹಾಲು ಪರೀಕ್ಷೆ ಮಾಡುವವಳು ಎಂದೆ. ನಕ್ಕು, ಪರೀಕ್ಷೆಗೂ ಬರೆದರು. ವರದಿ ಬರುವ ತನಕ ಎಂದು ಒಂದು ಮಾತ್ರೆ ಕೊಟ್ಟರು. ಆ ಮೂರು ದಿನ ನಾನು ಅವಳ ಮನೆಯಲ್ಲೇ ಇದ್ದೆ. ನಾಗರಾಜು, ಸಿದ್ದರಾಜು ಐಸಿಯು ಬಾಗಿಲಲ್ಲಿ ಹೇಗೆ ಕಾಲ ಕಳೆದಿರಬೇಕು ಎಂದು ಆಗ ತಿಳಿಯಿತು. ಕಾಯಿಲೆ ಬಿದ್ದವರಿಗಿಂತ ಕಾಯುವವರ ಪಾಡು ಕಷ್ಟ.

ನಾಲ್ಕನೆಯ ದಿನ ವರದಿ ಕೈಗೆ ಬಂತು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಮೇಲಿನಿಂದ ಬೆರಳಾಡಿಸಿಕೊಂಡು ಬಂದೆ. ಎಸ್. ಎಸ್. ಎಸ್. ಉಸಿರು ಬಂತು. ಇನ್ನೂ ಕೆಳಗೆ ಹೋದೆ. ಆರ್ ಇದ್ದದ್ದು ಎರಡೇ ಎರಡು ಕಡೆ. ಆ ಹೆಸರುಗಳನ್ನು ಓದಲು ನನಗೆ ಇಂಗ್ಲಿಷ್ ಬೇಕಾಗಲಿಲ್ಲ, ಬಾಯಿಪಾಠವಾಗಿದ್ದವು. ಒಂದು ಕಪ್ಪು ಕೆಂಪು, ಇನ್ನೊಂದು ಉದ್ದನೆಯ ಬಿಳಿ.

ಡಾಕ್ಟರು ಒಳಗೆ ಕರೆದು ಐದು ದಿನದ ಬೇರೆ ಮಾತ್ರೆ ಬರೆದರು, ಚಿಂತೆಯಿಲ್ಲ, ಬೇಕಾದಷ್ಟು ಔಷಧಿ ಇವೆ ಎಂದರು. ಆ ಎರಡರ ವಿಷಯ ಕೇಳಲೇ ಇಲ್ಲ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊರಗೆ ಬಂದ ಮೇಲೆ ಮಾದೇವಮ್ಮನೇ ಕೇಳಿದಳು, ನನ್ನ ಬೆರಳು ಎರಡು ಕಡೆ ನಿಂತದ್ದನ್ನು ಅವಳು ನೋಡಿದ್ದಳು.

"ಅದ್ಯಾಕವ್ವ ಅವೆರಡು ನಂಗೆ ಇಡಿಯಕಿಲ್ಲ?"

"ಅವು ನಮ್ಮ ಡಬ್ಬೀವು ಕಣಕ್ಕ," ಎಂದೆ. "ನಾನು ಕೊಟ್ಟವು. ಎರಡೆರಡೇ ಕೊಟ್ಟೆನಲ್ಲ, ಅದಕ್ಕೇ ಇರಬೇಕು."

ಅವಳು ಡಾಕ್ಟರ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿದಳು. ನನ್ನನ್ನು ಬಿಟ್ಟು ಹೊರಟುಹೋಗುತ್ತಾಳೆ ಎಂದುಕೊಂಡೆ. ನನ್ನ ಓರಗಿತ್ತಿ ಒಂದು ಕ್ಯಾನ್ ಹಾಲಿಗೆ ಒಂದು ತಿಂಗಳು ಮಾತು ಬಿಟ್ಟಿದ್ದಳು, ಇದಕ್ಕೆ ಎಷ್ಟು ವರ್ಷ ಬಿಟ್ಟರೂ ಸಾಲದು.

"ಕೈ ಚಾಚ್ದೋಳು ನಾನೇ ಅಲ್ವಾ," ಎಂದಳು. "ಊರಲ್ಲಿ ಇನ್ನೂ ಎಷ್ಟು ಜನಕ್ಕೆ ಕೊಟ್ಟಿದ್ದೀಯವ್ವ?"

 ಹಸುಗಳ ಚೀಟಿ ಹನ್ನೊಂದು ವರ್ಷದ್ದೂ ಕಟ್ಟು ಕಟ್ಟಿ ಇಟ್ಟಿದ್ದೇನೆ, ಯಾವ ಹಸುವಿಗೆ ಯಾವತ್ತು ಏನು ಕೊಟ್ಟರು ಎಂದು ಈಗ ಕೇಳಿದರೂ ತೆಗೆದು ತೋರಿಸಬಲ್ಲೆ. ಡಬ್ಬಿಯ ಮಾತ್ರೆ ಯಾರು ಯಾರ ಹೊಟ್ಟೆಗೆ ಹೋಯಿತೋ ಒಂದು ಗೀಟೂ ಬರೆದಿಟ್ಟಿಲ್ಲ.

ಮಾರನೆಯ ದಿನ ಡೇರಿಯಲ್ಲಿ ಹಸುವಿನ ಒಂದು ಖಾಲಿ ಚೀಟಿ ತೆಗೆದುಕೊಂಡೆ. ಹಸು ಯಾರದ್ದು ಎನ್ನುವುದಕ್ಕೆ ಗೀಟು ಹಾಕಿ ಮಾದೇವಮ್ಮ ಎಂದು ಬರೆದೆ. ಔಷಧಿಯ ಹೆಸರನ್ನು ಎಲೆ ನೋಡಿ ಅಕ್ಷರ ಅಕ್ಷರ ಇಳಿಸಿದೆ. ಕಾರಣ, ಉರಿಮೂತ್ರ, ಪರೀಕ್ಷೆಯಾಗಿದೆ. ಎಷ್ಟು ದಿನ, ಐದು. ಮೊಳೆಗೆ ಚುಚ್ಚಿದ್ದನ್ನು ನೋಡಿ ಸಾಲಿನವರೆಲ್ಲ ನಕ್ಕರು, ಮಾದೇವಮ್ಮನೂ ನಕ್ಕಳು. ಐದು ದಿನವೂ ಬೆಳಗ್ಗೆ ಸಂಜೆ ನನ್ನ ಕಣ್ಣೆದುರಿಗೇ ಮಾತ್ರೆ ನುಂಗಿ, ಬಾಯಿ ತೆಗೆದು ತೋರಿಸಿ, ಆಮೇಲೆ ಹಾಲು ಅಳೆಸಿದಳು.

ಕೊನೆಯ ಮಾತ್ರೆಯ ದಿನ ಚೀಟಿ ಕೀಳಲು ಹೋದೆ. ಮಾದೇವಮ್ಮ ನನ್ನ ಕೈ ಹಿಡಿದಳು. ಅವಳ ಹಿಂದೆ ಸಾಲಿನಲ್ಲಿ ಮೂವರು ಹೆಂಗಸರು ಹಾಲಿನ ಪಾತ್ರೆಯ ಜೊತೆಗೆ ತಮ್ಮ ತಮ್ಮ ಮನೆಯ ಮಾತ್ರೆಯ ಎಲೆಗಳನ್ನು ಹಿಡಿದು ನಿಂತಿದ್ದರು. ಡಬ್ಬಿಗೆ ಹಾಕಲು ತಂದದ್ದಲ್ಲ. ತಮಗೂ ಒಂದೊಂದು ಚೀಟಿ ಬರೆದುಕೊಡು ಎಂದು ಕೇಳಲು ಬಂದಿದ್ದರು. ಏನು ಕಾರಣಕ್ಕೆ ಕೊಟ್ಟರು ಎಂದು ಮೊದಲನೆಯವಳನ್ನು ಕೇಳಿದೆ. ಅವಳು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅದ ಅವರೂ ಏಳ್ನಿಲ್ಲ, ನಾನೂ ಕೇಳ್ನಿಲ್ಲ ಕಣಕ್ಕ."

ಹಾಗಾದರೆ ಹೋಗಿ ಕೇಳಿಕೊಂಡು ಬಾ, ಅಲ್ಲಿಯ ತನಕ ಚೀಟಿ ಇಲ್ಲ ಎಂದು, ಅವಳ ಹಾಲನ್ನು ಮಾತ್ರ ಅಳೆದು ಕಳಿಸಿದೆ.